ಕರಾವಳಿಯ ಅಂಗಳದಲ್ಲಿ ದೇವಕಣಗಿಲೆ: ಕೋಲು ಕತ್ತರಿಸುವಲ್ಲಿಂದ ಹೂ ಕೊಯ್ಯುವವರೆಗೆ

ನಮ್ಮ ಕಡೆ ಗಿಡ ನೆಡುವುದು ಎಂದರೆ ಮಳೆ ಹಿಡಿದ ಮೇಲೆ. ಮೃಗಶಿರಾ ಮಳೆ ಬಿದ್ದರೆ ಸಾಕು, ಅಂಕೋಲೆಯಿಂದ ಹೊನ್ನಾವರದವರೆಗೆ ಎಲ್ಲರ ಹಿತ್ತಲಲ್ಲೂ ಗುದ್ದಲಿ ಸದ್ದು. ದಾಸವಾಳ, ಮಲ್ಲಿಗೆ, ಕಾಳುಮೆಣಸಿನ ಬಳ್ಳಿ, ಯಾವುದನ್ನು ಊರಿದರೂ ಚಿಗುರುತ್ತದೆ. ನಾನೂ ಹಾಗೇ ಅಂದುಕೊಂಡು ಒಂದು ವರ್ಷ ಜೂನ್ ಮೊದಲ ವಾರ ದೇವಕಣಗಿಲೆಯ ಎಂಟು ಕೋಲುಗಳನ್ನು ಊರಿದ್ದೆ. ಚೌತಿ ಹೊತ್ತಿಗೆ ಏಳು ಹೋಗಿದ್ದವು. ಕಿತ್ತು ನೋಡಿದರೆ ಬುಡ ಕಪ್ಪಗಾಗಿ, ಕೊಳೆತ ಬಾಳೆದಿಂಡಿನ ಹಾಗೆ ಮೆತ್ತಗಿತ್ತು. ಬದುಕಿದ್ದು ಒಂದೇ. ಜಾಗ ಸಾಲದೆ ಜಗಲಿಯ ಮೂಲೆಯಲ್ಲಿ, ಹನಿ ತಾಗದ ಕಡೆ, ಒಡೆದ ಕುಂಡದ ಒಣ ಹೊಯ್ಗೆಯಲ್ಲಿ (ಮರಳಿನಲ್ಲಿ) ಚುಚ್ಚಿಟ್ಟದ್ದು.

ಈ ಮರದ ಬಗ್ಗೆ ನಾನು ಹೇಳಬೇಕಾದ್ದರ ಮುಕ್ಕಾಲು ಪಾಲು ಆ ಒಂದು ಕುಂಡದಲ್ಲೇ ಇದೆ. ದೇವಕಣಗಿಲೆಗೆ ನಮ್ಮ ಬಿಸಿಲು ಇಷ್ಟ, ನಮ್ಮ ಹೊಯ್ಗೆ ಇಷ್ಟ, ಸಮುದ್ರದ ಉಪ್ಪುಗಾಳಿಯನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಆದರೆ ಬುಡದಲ್ಲಿ ನಿಂತ ಮಳೆನೀರನ್ನು ಮಾತ್ರ ಸಹಿಸುವುದಿಲ್ಲ. ಕಾರವಾರದಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ, ಅದೂ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಇಲ್ಲಿ ಈ ಮರ ಬೆಳೆಸುವವರು ಮಳೆಯ ಲೆಕ್ಕವನ್ನು ತಿರುಗಿಸಿ ಹಾಕಿಕೊಳ್ಳಬೇಕು. ಕೋಲು ಕತ್ತರಿಸುವುದು ಶಿವರಾತ್ರಿ ಹೊತ್ತಿಗೆ. ಬೇರು ಬಿಡಿಸುವುದು ಬೇಸಿಗೆಯಲ್ಲಿ. ಮೊದಲ ಮಳೆಗಾಲ ಮಾಡಿನ ಕೆಳಗೆ. ನೆಲಕ್ಕೆ ಇಳಿಸುವುದು ನವರಾತ್ರಿ ಕಳೆದ ಮೇಲೆ.

ಯಾಕೆ ಹೀಗೆ ಅಂದರೆ, ಇದು ನಮ್ಮ ಕಾಡಿನ ಮರ ಅಲ್ಲ. ಇದರ ಮೂಲ ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು. ಅಲ್ಲಿ ತಿಂಗಳುಗಟ್ಟಲೆ ಮಳೆ ಇಲ್ಲದ ಜಾಗದಲ್ಲಿ ಬೆಳೆಯುವಂಥದ್ದು. ದಪ್ಪ ಟೊಂಗೆಯೊಳಗೆ ನೀರು ಕೂಡಿಡುತ್ತದೆ, ಒಣಗಾಲ ಬಂದರೆ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ಕತ್ತರಿಸಿದ ಕೋಲು ವಾರಗಟ್ಟಲೆ ಸಾಯದೆ ಇರುವುದೂ ಅದಕ್ಕೇ. ಹೊಟ್ಟೆ ತುಂಬ ನೀರಿರುವ ಕೋಲಿಗೆ, ಇನ್ನೂ ಬೇರಿಲ್ಲದಾಗ, ಮತ್ತೆ ನೀರು ಹೊಯ್ದರೆ ಅದು ಕೊಳೆಯದೆ ಏನು ಮಾಡೀತು?

ಫ್ರೆಂಚ್ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಪ್ಲೂಮಿಯೇ ಹೆಸರಿನಿಂದ ಇದಕ್ಕೆ ಪ್ಲುಮೇರಿಯಾ ಎಂದು ಹೆಸರಿಟ್ಟಿದ್ದಾರೆ. ಮರಾಠಿಯವರು ಚಾಫಾ ಅನ್ನುತ್ತಾರೆ. ಲಾವೋಸ್ ಮತ್ತು ನಿಕರಾಗುವಾ ದೇಶಗಳಿಗೆ ಇದು ರಾಷ್ಟ್ರೀಯ ಹೂ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ, ಎಕ್ಕ ಎಲ್ಲ ಇದರ ನೆಂಟರೇ. ಮುರಿದರೆ ಬಿಳಿ ಹಾಲು ಬರುವುದು ಆ ಮನೆತನದ ಗುಣ.

ಯಾವುದನ್ನು ಆರಿಸಬೇಕು

ಕೋಲು ತರುವ ಮೊದಲು ಎಲೆ ನೋಡಿ. ಎಲೆಯ ತುದಿ ಚೂಪಾಗಿದ್ದರೆ ಅದು ಪ್ಲುಮೇರಿಯಾ ರೂಬ್ರಾ. ದೇವಸ್ಥಾನದ ಅಂಗಳದಲ್ಲಿ ಕಾಣುವ ಬಿಳಿ ಹೂ, ನಡುವೆ ಹಳದಿ, ಅದು ಹೆಚ್ಚಾಗಿ ಇದೇ. ಗುಲಾಬಿ, ಕೆಂಪು, ಪೂರ್ತಿ ಹಳದಿ ಬಣ್ಣಗಳೂ ಇದರಲ್ಲೇ ಬರುತ್ತವೆ. ಚಳಿಗಾಲದ ಕೊನೆಗೆ ಎಲೆ ಪೂರ್ತಿ ಉದುರುತ್ತದೆ. ಎಲೆಯ ತುದಿ ದುಂಡಗೆ, ಬಣ್ಣ ಕಡುಹಸಿರು, ಮೇಲೆ ಹೊಳಪು ಇದ್ದರೆ ಅದು ಪ್ಲುಮೇರಿಯಾ ಒಬ್ಟೂಸಾ. ಬಿಳಿ ಹೂ, ಒಳ್ಳೆಯ ಪರಿಮಳ, ಎಲೆ ಪೂರ್ತಿ ಬೋಳಾಗುವುದಿಲ್ಲ.

ಮೂರನೆಯದು ಪುಡಿಕಾ. ಎಲೆ ಹಾವಿನ ಹೆಡೆಯ ಆಕಾರ. ನರ್ಸರಿಗಳಲ್ಲಿ ನಾಗಚಂಪಾ ಅಂತ ಮಾರುತ್ತಾರೆ. ಗೊಂಚಲು ಗೊಂಚಲಾಗಿ ಬಿಳಿ ಹೂ ಬಿಡುತ್ತದೆ, ಬೇಲಿಗೆ ಚೆಂದ, ಬೇಗ ಬೆಳೆಯುತ್ತದೆ. ಆದರೆ ಪರಿಮಳ ಇಲ್ಲವೆಂದೇ ಹೇಳಬೇಕು. ಒಂದು ನರ್ಸರಿಯಲ್ಲಿ ನನಗೆ ಇದನ್ನೇ "ರಾತ್ರಿಯೆಲ್ಲ ಘಮ್ ಅನ್ನುತ್ತೆ" ಎಂದು ಕೊಟ್ಟಿದ್ದರು. ಎರಡು ವರ್ಷ ಕಾದೆ. ಹೂ ಬಂತು, ಪರಿಮಳ ಬರಲಿಲ್ಲ. ಆಗ ತುಂಬ ಬೇಜಾರಾಗಿತ್ತು. ಆದ್ದರಿಂದ ನಿಮಗೆ ಪರಿಮಳ ಬೇಕಿದ್ದರೆ, ಹೂ ಬಿಟ್ಟ ಮರವನ್ನು ನೋಡಿ, ಸಂಜೆ ಹೊತ್ತು ಮೂಸಿ, ಆ ಮನೆಯವರನ್ನು ಕೇಳಿ ಟೊಂಗೆ ತನ್ನಿ. ನಮ್ಮಲ್ಲಿ ಟೊಂಗೆ ಕೇಳಿದರೆ ಇಲ್ಲ ಅನ್ನುವವರು ಕಡಿಮೆ.

ಮೊದಲ ಸಲ ಬೆಳೆಸುವವರಿಗೆ ನಾನು ಹೇಳುವುದು ಬಿಳಿ ರೂಬ್ರಾ. ಗಟ್ಟಿ ಜಾತಿ, ಬೇರು ಸುಲಭವಾಗಿ ಬಿಡುತ್ತದೆ. ಕಡುಗೆಂಪು ಬಣ್ಣದವು ನಿಧಾನ. ಕೈ ಪಳಗಿದ ಮೇಲೆ ಅವನ್ನು ತರಬಹುದು.

ಟೊಂಗೆ ಕತ್ತರಿಸುವುದು

ಫೆಬ್ರುವರಿಯಿಂದ ಏಪ್ರಿಲ್ ಮೊದಲ ವಾರದವರೆಗೆ ಒಳ್ಳೆಯ ಸಮಯ. ಆಗ ಮರ ಬೋಳಾಗಿರುತ್ತದೆ, ಅಥವಾ ಇನ್ನೇನು ಚಿಗುರುವ ಹಂತದಲ್ಲಿರುತ್ತದೆ.

ಹಸಿರು ಬಣ್ಣದ ಎಳೆ ತುದಿ ಬೇಡ, ಅದು ಬೇಗ ಕೊಳೆಯುತ್ತದೆ. ಬೂದುಬಣ್ಣಕ್ಕೆ ತಿರುಗಿದ ಬಲಿತ ಟೊಂಗೆ ಬೇಕು. ಒಂದರಿಂದ ಒಂದೂವರೆ ಅಡಿ ಉದ್ದ, ಹೆಬ್ಬೆರಳಿಗಿಂತ ದಪ್ಪ. ಕತ್ತಿಯಿಂದ ಕಡಿದರೆ ತೊಗಟೆ ಸೀಳುತ್ತದೆ. ಸಣ್ಣ ಗರಗಸ ಅಥವಾ ಹರಿತವಾದ ಚಾಕು ಒಳ್ಳೆಯದು. ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್‌ನಿಂದ ಒರೆಸಿ.

ಹಾಲಿನ ವಿಷಯದಲ್ಲಿ ಜಾಗ್ರತೆ ಬೇಕು. ಕೆಲವರ ಚರ್ಮಕ್ಕೆ ತಾಗಿದರೆ ಉರಿ, ತುರಿಕೆ ಬರುತ್ತದೆ. ಕಣ್ಣಿಗೆ ಬಿದ್ದರಂತೂ ತಕ್ಷಣ ತುಂಬ ನೀರಿನಿಂದ ತೊಳೆಯಬೇಕು, ಉರಿ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಹಲಸಿನ ಹಣ್ಣು ಕೊಯ್ಯುವಾಗ ಮಾಡುವಂತೆ ಕೈಗೆ ತೆಂಗಿನೆಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲ. ಮಕ್ಕಳನ್ನು ಆ ಹೊತ್ತು ದೂರ ಇಡಿ.

ಕೋಲಿನ ಮೇಲಿನ ಎಲೆ, ಮೊಗ್ಗು ಎಲ್ಲ ತೆಗೆದುಬಿಡಿ. ಮೊಗ್ಗು ಕೀಳಲು ಮನಸ್ಸು ಬಾರದು, ನನಗೂ ಬಾರದು. ಆದರೂ ತೆಗೆಯಬೇಕು. ಕೋಲಿನಲ್ಲಿರುವ ಶಕ್ತಿ ಬೇರಿಗೆ ಹೋಗಬೇಕಲ್ವಾ.

ಇನ್ನು ಬರುವುದು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ. ಕತ್ತರಿಸಿದ ಕೋಲನ್ನು ಕೂಡಲೇ ನೆಡಬೇಡಿ. ಗಾಳಿಯಾಡುವ ನೆರಳಲ್ಲಿ, ಜಗಲಿಯ ಮೇಲೋ ಅಟ್ಟದ ಮೇಲೋ, 10ರಿಂದ 15 ದಿನ ಒಣಗಲು ಬಿಡಿ. ಕತ್ತರಿಸಿದ ಬಾಯಲ್ಲಿ ಹಾಲು ಗಟ್ಟಿಯಾಗಿ, ಹಕ್ಕಳೆ ಕಟ್ಟಿದ ಹಾಗೆ ಒಂದು ಪದರ ಬರುತ್ತದೆ. ಕೊಳೆಯುವ ಶಿಲೀಂಧ್ರ ಒಳಗೆ ಹೋಗದಂತೆ ತಡೆಯುವುದು ಅದೇ. ಕೋಲು ಸ್ವಲ್ಪ ಸುಕ್ಕಾದರೆ ಹೆದರಬೇಡಿ. ಸುಕ್ಕು ಸಹಜ, ಬೇರು ಬಂದಮೇಲೆ ತುಂಬಿಕೊಳ್ಳುತ್ತದೆ. ಬೆರಳಿನಿಂದ ಒತ್ತಿದಾಗ ಮೆತ್ತಗೆ ಒಳಗೆ ಹೋದರೆ ಮಾತ್ರ ಅದು ಕೊಳೆತ. ಆಗ ಬಿಳಿ ತಿರುಳು ಕಾಣುವವರೆಗೆ ಕತ್ತರಿಸಿ, ಮತ್ತೆ ಒಣಗಿಸಿ.

ಕುಂಡ, ಮಣ್ಣು, ಊರುವ ರೀತಿ

ಹತ್ತು ಇಂಚಿನ ಕುಂಡ ಅಥವಾ ಗ್ರೋ ಬ್ಯಾಗ್ ಸಾಕು. ತಳದಲ್ಲಿ ತೂತು ನಾಲ್ಕೈದು ಇರಲಿ. ಮೊದಲು ಒಡೆದ ಹಂಚಿನ ಚೂರು ಎರಡು ಇಂಚು ಹಾಕಿ. ಹಂಚಿನ ಮಾಡು ತೆಗೆದು ಸ್ಲ್ಯಾಬ್ ಹಾಕಿಸಿದ ಮನೆಗಳು ಈಗ ಊರೆಲ್ಲ ಇವೆ, ಚೂರಿಗೆ ಬರಗಾಲ ಇಲ್ಲ. ಮೇಲೆ ಎರಡು ಪಾಲು ದಪ್ಪ ಹೊಯ್ಗೆ, ಒಂದು ಪಾಲು ಕೆಂಪು ಮಣ್ಣು. ಹೊಯ್ಗೆ ಹೊಳೆಯದೇ ಆಗಬೇಕು. ಮನೆ ಎದುರು ಕಡಲು ಇದೆ ಎಂದು ಕಡಲ ದಂಡೆಯಿಂದ ತುಂಬಿಕೊಂಡು ಬರಬೇಡಿ, ಅದರಲ್ಲಿ ಉಪ್ಪಿರುತ್ತದೆ. ಹೊಳೆ ಹೊಯ್ಗೆ ಸಿಗದಿದ್ದರೆ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಕೊಯ್ದಾಗ ಬೀಳುವ ಪುಡಿಯನ್ನು ಜರಡಿ ಹಿಡಿದು, ಸಣ್ಣ ಧೂಳು ತೆಗೆದು, ಕಾಳು ಕಾಳಾದದ್ದನ್ನು ಬಳಸಬಹುದು. ಈ ಹಂತದಲ್ಲಿ ಸಗಣಿ ಗೊಬ್ಬರ ಹಾಕಬಾರದು. ತೆಂಗಿನ ನಾರಿನ ಪುಡಿಯೂ ಬೇಡ, ಅದು ತೇವ ಹಿಡಿದಿಡುತ್ತದೆ.

ಕೋಲನ್ನು ಮೂರರಿಂದ ನಾಲ್ಕು ಇಂಚು ಆಳಕ್ಕೆ ಊರಿ. ತಲೆಕೆಳಗಾಗದಂತೆ ನೋಡಿಕೊಳ್ಳಿ. ಎಲೆ ಬಿದ್ದ ಕಲೆಯ ಮೇಲ್ಬದಿಯಲ್ಲಿ ಸಣ್ಣ ಮೊಗ್ಗಿನ ಗುರುತು ಇರುತ್ತದೆ, ಆ ಗುರುತು ಕಲೆಗಿಂತ ಮೇಲೆ ಬರಬೇಕು. ಅಲುಗಾಡದಂತೆ ಅಡಿಕೆ ದಬ್ಬೆಯ ತುಂಡನ್ನು ಪಕ್ಕದಲ್ಲಿ ಚುಚ್ಚಿ, ಬಾಳೆನಾರಿನಲ್ಲಿ ಎರಡು ಕಡೆ ಕಟ್ಟಿ. ಇದು ಮುಖ್ಯ. ಹೊಸ ಬೇರು ಹಸಿ ಶಾವಿಗೆಯಂತೆ ಇರುತ್ತದೆ. ಗಾಳಿಗೆ ಕೋಲು ಅಲುಗಿದರೆ ಪಟ್ಟನೆ ಮುರಿಯುತ್ತದೆ.

ಊರಿದ ದಿನ ಒಮ್ಮೆ ಚೆನ್ನಾಗಿ ನೀರು ಕೊಡಿ. ಆಮೇಲೆ ವಾರಕ್ಕೊಮ್ಮೆ ಒಂದು ಲೋಟ. ಅಷ್ಟೇ. ಮಣ್ಣು ಒಣಗಿದ್ದು ನೋಡಿ ಜೀವ ತಡೆಯದೆ ದಿನಾ ಹಾಕುವವರಿದ್ದಾರೆ. ನಮ್ಮ ಅಮ್ಮನೂ ಹಾಗೇ ಮಾಡುತ್ತಿದ್ದಳು, ಪಾತ್ರೆ ತೊಳೆದ ನೀರನ್ನೆಲ್ಲ ತಂದು ಪ್ರೀತಿಯಿಂದ ಹೊಯ್ಯುತ್ತಿದ್ದಳು. ಆ ಕುಂಡವನ್ನು ನಾನು ಕೊನೆಗೆ ಬಾವಿಕಟ್ಟೆಯಿಂದ ದೂರ ಒಯ್ದು ಇಡಬೇಕಾಯಿತು.

ಕುಂಡ ಬೆಳಗಿನ ಬಿಸಿಲು ಬೀಳುವಲ್ಲಿ ಇರಲಿ. ಎರಡು ಮೂರು ವಾರಕ್ಕೆ ತುದಿಯಲ್ಲಿ ಹಸಿರು ಕೊಂಬಿನಂತೆ ಚಿಗುರು ಕಾಣುತ್ತದೆ. ಖುಷಿ ಆಗುತ್ತದೆ, ಆದರೆ ಅಷ್ಟಕ್ಕೇ ಬೇರು ಬಂತು ಅಂದುಕೊಳ್ಳಬೇಡಿ. ಕೋಲಿನೊಳಗಿನ ಸಂಗ್ರಹದಿಂದಲೇ ಎರಡು ಎಲೆ ಬರಬಲ್ಲದು. ಎಲೆ ನಾಲ್ಕೈದು ಆಗಿ, ಅಂಗೈಗಿಂತ ಉದ್ದ ಬೆಳೆದು, ಮಧ್ಯಾಹ್ನದ ಬಿಸಿಲಿಗೂ ಬಾಡದೆ ನಿಂತರೆ ಬೇರು ಹಿಡಿದಿದೆ ಎಂದು ಅರ್ಥ. ಇದಕ್ಕೆ ಆರರಿಂದ ಎಂಟು ವಾರ ಬೇಕು. ಮಾರ್ಚ್ ಮೊದಲು ಊರಿದರೆ ಮೇ ಮೊದಲ ವಾರಕ್ಕೆ ಆಗುತ್ತದೆ. ಮಳೆಗೆ ಇನ್ನೂ ಒಂದು ತಿಂಗಳು ಕೈಯಲ್ಲಿರುತ್ತದೆ. ಶಿವರಾತ್ರಿ ಲೆಕ್ಕ ಹೇಳಿದ್ದು ಇದಕ್ಕೇ. ನಡುವೆ ಕಿತ್ತು ನೋಡುವ ಆಸೆ ಬಂದರೆ ತಡೆದುಕೊಳ್ಳಿ.

ಬೇರು ಹಿಡಿದ ಮೇಲೆ ನೀರು ವಾರಕ್ಕೆ ಎರಡು ಸಲ. ಮೇಲುಮಣ್ಣಿಗೆ ಒಂದು ಹಿಡಿ ಎರೆಗೊಬ್ಬರ.

ಮೊದಲ ಮಳೆಗಾಲ

ಮೇ ಕೊನೆಗೆ ಗುಡುಗು ಮಳೆ ಶುರುವಾದ ಕೂಡಲೇ ಕುಂಡವನ್ನು ಒಳಗೆ ತನ್ನಿ. ಒಳಗೆ ಎಂದರೆ ಕತ್ತಲ ಕೋಣೆ ಬೇಡ. ಬೆಳಕು ಬೇಕು, ಹನಿ ಬೇಡ. ಜಗಲಿ, ಪೋರ್ಟಿಕೊ, ಪಾರದರ್ಶಕ ಶೀಟ್ ಹಾಕಿದ ಕೊಟ್ಟಿಗೆ, ಯಾವುದಾದರೂ ಆದೀತು. ನೆಲದಿಂದ ಎತ್ತರಕ್ಕೆ, ಎರಡು ಚಿರೆಕಲ್ಲಿನ ಮೇಲೆ ಇಡಿ, ತಳದ ತೂತಿಗೆ ಗಾಳಿ ಸಿಗಲಿ. ಜುಲೈ ತಿಂಗಳಲ್ಲಿ ಗಾಳಿಯಲ್ಲೇ ಎಷ್ಟು ತೇವ ಇರುತ್ತದೆ ಎಂದರೆ, ಎರಡು ವಾರಕ್ಕೊಮ್ಮೆ ಅರ್ಧ ಲೋಟ ನೀರು ಸಾಕು.

ಈ ನಾಲ್ಕು ತಿಂಗಳಲ್ಲಿ ಇನ್ನೊಂದು ಕೆಲಸ ಇದೆ. ಮಳೆ ಜೋರಾಗಿರುವ ದಿನ ಕೊಡೆ ಹಿಡಿದು ಹಿತ್ತಲಲ್ಲಿ ಒಂದು ಸುತ್ತು ಬನ್ನಿ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಹರಿದುಹೋಗುತ್ತದೆ, ಮಾಡಿನ ನೀರು ಎಲ್ಲಿ ಧುಮುಕುತ್ತದೆ, ನೋಡಿ ಗುರುತು ಹಾಕಿ. ಬೇಸಿಗೆಯಲ್ಲಿ ಎಲ್ಲ ನೆಲವೂ ಒಣನೆಲವೇ. ಜಾಗದ ನಿಜವಾದ ಗುಣ ಗೊತ್ತಾಗುವುದು ಆಷಾಢದಲ್ಲಿ.

ನೆಲಕ್ಕೆ ಇಳಿಸುವುದು

ನವರಾತ್ರಿ ಮುಗಿದು, ಮಳೆ ಹಿಂದೆ ಸರಿದು, ಮಣ್ಣು ಹದವಾಗಿರುವಾಗ ನೆಡಿ. ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರ. ಹೀಗೆ ಮಾಡಿದರೆ ಮುಂದಿನ ಮಳೆಗೆ ಮೊದಲು ಗಿಡಕ್ಕೆ ಏಳು ತಿಂಗಳು ಸಿಗುತ್ತದೆ. ಅಷ್ಟರಲ್ಲಿ ಬೇರು ಕುಂಡದ ಆಕಾರ ಬಿಟ್ಟು ಹೊರಗೆ ಹರಡಿರುತ್ತದೆ.

ಜಾಗ ಆರಿಸುವಾಗ ಮೊದಲು ಬಿಸಿಲು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಕಡಿಮೆಯಾದರೆ ಗಿಡ ಬದುಕುತ್ತದೆ, ಹೂ ಬಿಡುವುದಿಲ್ಲ. ತೆಂಗಿನ ಮರದ ಅಡಿ ಬೇಡವೇ ಬೇಡ. ಒಂದು ಹೆಡೆ ಬಿದ್ದರೆ ನಾಲ್ಕು ವರ್ಷದ ಟೊಂಗೆ ಮುರಿಯುತ್ತದೆ. ಈ ಮರದ ಟೊಂಗೆ ನೋಡಲು ದಪ್ಪ, ಒಳಗೆ ಬಲ ಇಲ್ಲ. ಗೋಡೆಯಿಂದ 10 ಅಡಿ ದೂರ ಸಾಕು. ಬೇರು ಪಂಚಾಂಗ ಒಡೆಯುವ ಜಾತಿಯದ್ದಲ್ಲ, ಆ ಭಯ ಬೇಡ. ಮರ ಸಾಮಾನ್ಯವಾಗಿ 20ರಿಂದ 25 ಅಡಿ ಎತ್ತರ, ಹೆಚ್ಚು ಕಡಿಮೆ ಅಷ್ಟೇ ಅಗಲ ಆಗುತ್ತದೆ. ಬಾವಿಯಿಂದ ದೂರ ಇರಲಿ, ಎಲೆ ಒಂದೇ ಸಲಕ್ಕೆ ರಾಶಿ ಉದುರುತ್ತದೆ.

ಕಾರವಾರ, ಗೋಕರ್ಣದ ಕಡೆ ಹೊಯ್ಗೆ ನೆಲವಾದರೆ ನೇರವಾಗಿ ಗುಂಡಿ ತೆಗೆದು ನೆಡಬಹುದು. ಒಂದೂವರೆ ಅಡಿ ಗುಂಡಿ, ಒಂದು ಬುಟ್ಟಿ ಹಳೆಯ ಸಗಣಿ ಗೊಬ್ಬರ, ಎರಡು ಹಿಡಿ ಬೂದಿ, ತೆಗೆದ ಮಣ್ಣು, ಎಲ್ಲ ಕಲಸಿ ತುಂಬಿ. ಆದರೆ ಚಿರೆಕಲ್ಲಿನ ನೆಲದಲ್ಲಿ ಹೀಗೆ ಮಾಡಬೇಡಿ. ಗಟ್ಟಿ ಕಲ್ಲಿನಲ್ಲಿ ತೋಡಿದ ಗುಂಡಿ ಎಂದರೆ ಮಳೆಗಾಲಕ್ಕೆ ಒಂದು ಬಾನಿ ಇಟ್ಟಂತೆ. ನೀರು ಇಳಿಯುವ ದಾರಿ ಇರುವುದಿಲ್ಲ. ಪರೀಕ್ಷೆ ಸುಲಭ. ಗುಂಡಿ ತೆಗೆದು ಸಂಜೆ ನೀರು ತುಂಬಿಸಿ. ಬೆಳಿಗ್ಗೆಯೂ ನೀರು ಇದ್ದರೆ ಗುಂಡಿ ಮುಚ್ಚಿ, ದಿಬ್ಬ ಮಾಡಿ.

ದಿಬ್ಬ ಮಾಡಲು ನಾಲ್ಕು ಅಡಿ ಅಗಲಕ್ಕೆ ಚಿರೆಕಲ್ಲುಗಳನ್ನು ಸುತ್ತ ಜೋಡಿಸಿ. ಸಿಮೆಂಟ್ ಹಾಕಬೇಡಿ, ಕಲ್ಲಿನ ಸಂದಿಯಿಂದ ನೀರು ಹೊರಗೆ ಹೋಗಬೇಕು. ಒಳಗೆ ನೆಲವನ್ನು ಹಾರೆಯಿಂದ ಸಡಿಲ ಮಾಡಿ. ಒಂದೂವರೆ ಅಡಿ ಎತ್ತರಕ್ಕೆ ಮಣ್ಣು, ಹೊಯ್ಗೆ, ಗೊಬ್ಬರ ತುಂಬಿ. ಮಧ್ಯ ಎತ್ತರ, ಬದಿ ತಗ್ಗು. ಗಿಡದ ಬುಡ ಕುಂಡದಲ್ಲಿ ಎಷ್ಟು ಮುಚ್ಚಿತ್ತೋ ಅಷ್ಟೇ ಮುಚ್ಚಬೇಕು, ಒಂದು ಇಂಚೂ ಜಾಸ್ತಿ ಬೇಡ. ಬಿದಿರಿನ ಗಳು ಊರಿ, ಹಳೆ ಸೀರೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ.

ನಮ್ಮ ಚಿರೆಮಣ್ಣು ಹುಳಿ ಮಣ್ಣು. ಬಹಳ ಹುಳಿಯಾದರೆ ಗಿಡಕ್ಕೆ ರಂಜಕ ಸರಿಯಾಗಿ ಸಿಗುವುದಿಲ್ಲ, ಹೂವಿಗೆ ಬೇಕಾದದ್ದು ಅದೇ. ಚಿಪ್ಪಿ ಸುಣ್ಣದ ಪುಡಿ ಒಂದು ಹಿಡಿಯನ್ನು ನೆಡುವ 15 ದಿನ ಮೊದಲು ಮಣ್ಣಿಗೆ ಕಲಸಿದರೆ ಒಳ್ಳೆಯದು. ಅಘನಾಶಿನಿ ಹೊಳೆಯ ಬಳಚಿನ ಚಿಪ್ಪು ನಮ್ಮ ಕಡೆ ಈ ಕೆಲಸಕ್ಕೆ ಮೊದಲಿಂದ ಬಂದದ್ದು. ಸುಣ್ಣ ಮತ್ತು ಸಗಣಿ ಗೊಬ್ಬರ ಒಟ್ಟಿಗೆ ಬೇಡ, ಸಾರಜನಕ ಗಾಳಿಗೆ ಹೋಗುತ್ತದೆ.

ವರ್ಷದ ಆರೈಕೆ

ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಸಲಕ್ಕೆ ಒಂದು ಕೊಡದಷ್ಟು ನೀರು. ಎರಡನೇ ಬೇಸಿಗೆಯಲ್ಲಿ ವಾರಕ್ಕೊಮ್ಮೆ. ಮೂರನೇ ವರ್ಷದಿಂದ ನೀರು ಕೊಡದಿದ್ದರೂ ನಡೆಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ವಾರಕ್ಕೊಮ್ಮೆ ಕೊಟ್ಟರೆ ಹೂ ದೊಡ್ಡದಾಗಿ ಬರುತ್ತದೆ. ಡಿಸೆಂಬರ್‌ನಲ್ಲಿ ಎಲೆ ಹಳದಿಯಾಗಿ ಉದುರಲು ಶುರುವಾದಾಗ ಗಿಡ ಸಾಯುತ್ತಿದೆ ಎಂದು ಹೆದರಿ ನೀರು ಹೆಚ್ಚಿಸಬೇಡಿ. ಅದು ಮಲಗುವ ಕಾಲ. ಎಲೆ ಇಲ್ಲದ ಮರ ನೀರು ಕುಡಿಯುವುದಿಲ್ಲ. ಕುಂಡದಲ್ಲಿರುವ ಗಿಡಕ್ಕಂತೂ ಆಗ ತಿಂಗಳಿಗೊಮ್ಮೆ ಸಾಕು.

ಗೊಬ್ಬರ ವರ್ಷಕ್ಕೆ ಎರಡು ಸಲ. ಮಾರ್ಚ್‌ನಲ್ಲಿ ಚಿಗುರು ಕಂಡಾಗ ಒಂದು ಬುಟ್ಟಿ ಕಳಿತ ಗೊಬ್ಬರ, 200 ಗ್ರಾಂ ಎಲುಬಿನ ಪುಡಿ, ಒಲೆಯ ಬೂದಿ ಎರಡು ಹಿಡಿ. ಅಕ್ಟೋಬರ್‌ನಲ್ಲಿ ಅದರ ಅರ್ಧ. ಬುಡಕ್ಕೆ ತಾಗಿಸದೆ, ಒಂದು ಅಡಿ ದೂರದಲ್ಲಿ ಸುತ್ತ ಹಾಕಿ. ಯೂರಿಯಾ ಬೇಡ. ಸಾರಜನಕ ಹೆಚ್ಚಾದರೆ ಎಲೆ ದೊಡ್ಡ ದೊಡ್ಡದಾಗಿ, ಟೊಂಗೆ ಕೋಲುಕೋಲಾಗಿ ಬೆಳೆಯುತ್ತದೆ, ಹೂ ಇರುವುದಿಲ್ಲ. ಸೊಪ್ಪು ತರಗೆಲೆ ಮುಚ್ಚಿಗೆ ಬೇಸಿಗೆಯಲ್ಲಿ ಒಳ್ಳೆಯದು, ಮಳೆಗೆ ಮೊದಲು ಬುಡದಿಂದ ಸರಿಸಿಬಿಡಿ.

ಸವರುವ ಮೊದಲು ಒಂದು ವಿಷಯ ತಿಳಿದಿರಲಿ. ಈ ಮರದ ಹೂಗೊಂಚಲು ಟೊಂಗೆಯ ತುದಿಯಲ್ಲೇ ಬರುವುದು. ಗೊಂಚಲು ಬಂದ ಮೇಲೆ ಆ ತುದಿ ಎರಡಾಗಿ ಮೂರಾಗಿ ಕವಲೊಡೆಯುತ್ತದೆ, ಆ ಕವಲುಗಳ ತುದಿಯಲ್ಲಿ ಮುಂದಿನ ಹೂ. ಹಾಗಾಗಿ ತುದಿ ಕತ್ತರಿಸಿದಿರಿ ಎಂದರೆ ಆ ಟೊಂಗೆಯ ಆ ವರ್ಷದ ಹೂ ಹೋಯಿತು. ಲಾಭ ಏನೆಂದರೆ ಕತ್ತರಿಸಿದಲ್ಲೂ ಎರಡು ಮೂರು ಕವಲು ಬರುತ್ತದೆ. ಆದ್ದರಿಂದ ಎರಡನೇ ಮೂರನೇ ವರ್ಷ ಮನಸ್ಸು ಗಟ್ಟಿ ಮಾಡಿ ಒಮ್ಮೆ ಮೂರು ಅಡಿ ಎತ್ತರದಲ್ಲಿ ಕತ್ತರಿಸಿ ಆಕಾರ ಕೊಡಿ. ಆಮೇಲೆ ಸುಮ್ನೆ ಬಿಡಿ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ದಾರಿಗೆ ಅಡ್ಡ ಬಂದದ್ದು ಮಾತ್ರ ತೆಗೆಯಿರಿ. ಪ್ರತಿ ವರ್ಷ ಬೋಳು ತಲೆ ಮಾಡಿಸಿದ ಮರಗಳನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಸವರುವುದು ಫೆಬ್ರುವರಿಯಲ್ಲೇ. ಮಳೆಗಾಲದಲ್ಲಿ ಮಾಡಿದ ಗಾಯ ಒಣಗುವುದಿಲ್ಲ. ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಅಡಿಕೆ ತೋಟದವರ ಮನೆಯಲ್ಲಿ ಮೈಲುತುತ್ತ, ಸುಣ್ಣ ಹೇಗೂ ಇರುತ್ತದೆ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ, ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಿ. ಹೊಳೆಯುವ ಚಾಕು ಅದ್ದಿ ನೋಡಿ. ಅಲಗಿಗೆ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು, ಇನ್ನೂ ಸ್ವಲ್ಪ ಹಾಕಿ.

ರೋಗ, ಹುಳ

ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ. ಬೆರಳಿನಿಂದ ಮುಟ್ಟಿದರೆ ಅರಿಶಿನ ಕುಂಕುಮ ಬೆರೆಸಿದಂತೆ ಅಂಟುತ್ತದೆ. ಕೋಲಿಯೋಸ್ಪೋರಿಯಂ ಪ್ಲುಮೇರಿಯೇ ಎಂಬ ಶಿಲೀಂಧ್ರದಿಂದ ಬರುವುದು. ನೋಡಲು ಭಯ, ಆದರೆ ಇದರಿಂದ ಮರ ಸಾಯುವುದಿಲ್ಲ. ಎಲೆ ಬೇಗ ಉದುರುತ್ತದೆ ಅಷ್ಟೇ. ಉದುರಿದ ಎಲೆಯನ್ನು ಬುಡದಲ್ಲೇ ಕೊಳೆಯಲು ಬಿಡದೆ, ಗುಡಿಸಿ ದೂರ ಹೂಳಿ. ಎಳೆ ಗಿಡಕ್ಕೆ ಜಾಸ್ತಿ ಬಂದರೆ, ಮಳೆ ಬಿಟ್ಟ ದಿನ ನೀರಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಹಾಕಿ ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಬಹುದು. ಗಂಧಕ ಹೊಡೆದ ಎರಡು ವಾರದೊಳಗೆ ಬೇವಿನೆಣ್ಣೆ ಹೊಡೆಯಬಾರದು, ಎಲೆ ಸುಡುತ್ತದೆ. ದೊಡ್ಡ ಮರಕ್ಕೆ ಏನೂ ಮಾಡಬೇಕಿಲ್ಲ. ಆ ಎಲೆ ಹೇಗೂ ಡಿಸೆಂಬರ್‌ಗೆ ಬೀಳುವಂಥದ್ದೇ.

ಬೇಸಿಗೆಯಲ್ಲಿ ಹತ್ತಿಯಂತೆ ಬಿಳಿ ಹಿಟ್ಟುತಿಗಣೆ ಎಲೆ ಬುಡಕ್ಕೆ, ಮೊಗ್ಗಿಗೆ ಕೂರುತ್ತದೆ. ಜೊತೆಗೆ ಇರುವೆ ಸಾಲು, ಎಲೆ ಮೇಲೆ ಕಪ್ಪು ಮಸಿ. ಮೊದಲು ಪೈಪಿನ ನೀರನ್ನು ಜೋರಾಗಿ ಬಿಟ್ಟು ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಕಟು ವಿಷ ಬೇಡ ಎನ್ನಲು ಕಾರಣ ಇದೆ. 2008ರಲ್ಲಿ ಕೊಯಮತ್ತೂರಿನ ಕಡೆ ಪರಂಗಿ ಹಿಟ್ಟುತಿಗಣೆ ಮೊದಲು ಕಂಡು, ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳು ಮಾಡಿತ್ತು. ಔಷಧಿ ಹೊಡೆದು ಸಾಕಾದ ಮೇಲೆ, 2010ರಲ್ಲಿ ಹೊರದೇಶದಿಂದ ತಂದ ಅತಿ ಸಣ್ಣ ಪರಾವಲಂಬಿ ಕಣಜಗಳನ್ನು ಬಿಟ್ಟರು. ಹಿಟ್ಟುತಿಗಣೆಯನ್ನು ಹತೋಟಿಗೆ ತಂದದ್ದು ಆ ಕಣಜ. ನಾವು ಅಂಗಳದಲ್ಲಿ ವಿಷ ಹೊಡೆದರೆ ಮೊದಲು ಸಾಯುವುದು ಇಂಥ ಒಳ್ಳೆಯ ಹುಳ.

ಎಲ್ಲಕ್ಕಿಂತ ಅಪಾಯದ್ದು ಬುಡ ಕೊಳೆ. ಎಲೆ ಸೊರಗುತ್ತದೆ, ಕಾಂಡ ಒತ್ತಿದರೆ ಮೆತ್ತಗೆ, ಕಂದು ನೀರು ಒಸರುತ್ತದೆ. ಬುಡದಲ್ಲಿ ಶುರುವಾದರೆ ಮರ ಉಳಿಯುವುದು ಕಷ್ಟ. ಆದರೆ ಮೇಲಿನ ಗಟ್ಟಿ ಟೊಂಗೆಗಳನ್ನು ಕೂಡಲೇ ಕತ್ತರಿಸಿ, ಒಳಗೆ ಬಿಳಿಯಾಗಿದ್ದರೆ ಒಣಗಿಸಿ ಇಟ್ಟುಕೊಳ್ಳಿ. ಮರ ಹೋದರೂ ತಳಿ ಉಳಿಯುತ್ತದೆ.

ಘಟ್ಟದ ಮೇಲಿನವರಿಗೆ

ಅಕ್ಕನ ಮನೆ ಶಿರಸಿಯ ಹತ್ತಿರ. ನಮ್ಮ ಮನೆಯ ಅದೇ ಮರದ ಟೊಂಗೆ ಅವಳಲ್ಲೂ ಇದೆ, ಆದರೆ ನಡತೆ ಬೇರೆ. "ನಿಮ್ಮಲ್ಲಿ ಹೂ ಆಗಿ ತಿಂಗಳಾಯ್ತು, ನಮ್ಮಲ್ಲಿ ಈಗ ಕಣ್ಣು ಬಿಡ್ತಾ ಇದೆ ತಮ್ಮಾ" ಅನ್ನುತ್ತಾಳೆ. ಅಲ್ಲಿ ಚಳಿ ಹೆಚ್ಚು, ಎಲೆ ಬೇಗ ಉದುರುತ್ತದೆ, ಚಿಗುರು ತಡ. ಮಂಜು ಬೀಳುವ ಬೆಳಗುಗಳಲ್ಲಿ ಎಳೆ ತುದಿ ಕಪ್ಪಗಾಗುವುದೂ ಉಂಟು. ಹಾಗಾದರೆ ಒಣ ದಿನ ನೋಡಿ ಬಿಳಿ ತಿರುಳಿನವರೆಗೆ ಕತ್ತರಿಸಬೇಕು. ಅಡಿಕೆ ತೋಟದ ಅಂಚಿನಲ್ಲಿ ನೆಡಬೇಡಿ, ನೆರಳೂ ತಂಪೂ ಎರಡೂ ಇದಕ್ಕೆ ಆಗದು. ಅಡಿಕೆ ಒಣಗಿಸುವ ಅಂಗಳದ ಮೂಲೆ ಇದೆಯಲ್ಲ, ದಿನವಿಡೀ ಬಿಸಿಲು ಬೀಳುವ ಜಾಗ, ಅದೇ ಸರಿ.

ಹೂ, ಕಾಯಿ, ಬೀಜ

ಕೋಲಿನಿಂದ ಬೆಳೆದ ಗಿಡ ಸಾಮಾನ್ಯವಾಗಿ ಎರಡನೇ ಮೂರನೇ ವರ್ಷ ಹೂ ಬಿಡುತ್ತದೆ. ಕರಾವಳಿಯಲ್ಲಿ ಮಾರ್ಚ್ ಕೊನೆಗೆ ಶುರು, ಜೋರು ಮಳೆಯಲ್ಲಿ ಕಡಿಮೆ, ಮಳೆ ಇಳಿದ ಮೇಲೆ ಮತ್ತೊಂದು ಸುತ್ತು. ನಾಲ್ಕು ವರ್ಷವಾದರೂ ಹೂ ಇಲ್ಲ ಎಂದರೆ ಮೊದಲು ಬಿಸಿಲು ನೋಡಿ, ಆಮೇಲೆ ಗೊಬ್ಬರ, ಆಮೇಲೆ ಕತ್ತಿ ಹಿಡಿದವರನ್ನು ಕೇಳಿ.

ರಾತ್ರಿ ಪರಿಮಳ ಹೆಚ್ಚು. ಅದು ಉದ್ದ ಸೊಂಡಿಲಿನ ಪತಂಗಗಳನ್ನು ಕರೆಯಲು. ಆದರೆ ಹೂವಿನಲ್ಲಿ ಮಕರಂದ ಇಲ್ಲ. ಪತಂಗ ಜೇನಿನ ಆಸೆಗೆ ಹೂವಿಂದ ಹೂವಿಗೆ ಸುತ್ತುತ್ತದೆ, ಪರಾಗ ಹೊತ್ತೊಯ್ಯುತ್ತದೆ, ಬರಿಗೈಲಿ ಹೋಗುತ್ತದೆ. ಮರ ತುಂಬ ಹೂವಿದ್ದರೂ ಕಾಯಿ ಅಪರೂಪ.

ಕಾಯಿ ಕಟ್ಟಿದರೆ ಎರಡು ಕೊಂಬಿನಂತೆ ಜೋಡಿಯಾಗಿ ಕಾಣುತ್ತದೆ. ಬಲಿಯಲು ಎಂಟರಿಂದ ಹತ್ತು ತಿಂಗಳು. ಒಣಗಿ ಒಡೆದಾಗ ರೆಕ್ಕೆ ಇರುವ ಬೀಜ ಗಾಳಿಗೆ ಹಾರಿಹೋಗುತ್ತದೆ. ಕಾಯಿ ಕಂದಾಗುವಾಗಲೇ ತೆಳು ಬಟ್ಟೆ ಸುತ್ತಿ ಕಟ್ಟಿ. ಬೀಜವನ್ನು ರೆಕ್ಕೆ ಮೇಲೆ ಬರುವಂತೆ ಹೊಯ್ಗೆ ಮಣ್ಣಲ್ಲಿ ಚುಚ್ಚಿದರೆ ಎರಡು ವಾರದೊಳಗೆ ಮೊಳೆಯುತ್ತದೆ. ಹೂವಿಗೆ ಮೂರು ವರ್ಷವಾದರೂ ಬೇಕು, ಬಣ್ಣ ತಾಯಿಯದ್ದೇ ಬರುತ್ತದೆ ಎನ್ನುವಂತಿಲ್ಲ. ಅದೇ ಬಣ್ಣ ಬೇಕಾದವರು ಕೋಲನ್ನೇ ಹಿಡಿಯಬೇಕು.

ದೂರದವರಿಗೆ ಕೋಲು ಕಳಿಸಬೇಕಿದ್ದರೆ ಮಣ್ಣು ಬೇಡ, ನೀರು ಬೇಡ, ಪ್ಲಾಸ್ಟಿಕ್ ಚೀಲವಂತೂ ಬೇಡ. ಬಾಯಿ ಒಣಗಿದ ಮೇಲೆ ಹಳೆ ಪೇಪರಿನಲ್ಲಿ ಸುತ್ತಿ. ಎರಡು ಮೂರು ವಾರ ಆರಾಮಾಗಿ ತಾಳುತ್ತದೆ. ಪುಣೆಗೆ ಬಸ್ಸಿನಲ್ಲಿ ಕಳಿಸಿದ ನಮ್ಮ ಕೋಲುಗಳು ಅಲ್ಲಿ ಟೆರೇಸಿನ ಡ್ರಮ್ಮಿನಲ್ಲಿ ಹೂ ಬಿಟ್ಟಿವೆ. ಕಳಿಸುವಾಗ ಕೋಲಿನ ಮೇಲೆಯೇ ಮಾರ್ಕರ್‌ನಿಂದ ಹೂವಿನ ಬಣ್ಣ ಬರೆದು, ಮೇಲ್ತುದಿ ಕಡೆಗೆ ಒಂದು ಬಾಣದ ಗುರುತು ಹಾಕಿ.